ಮಳೆಗಾಲಕ್ಕೆ ಮೊದಲು ಕಾರಿನ ಕ್ಯಾಬಿನ್ ಫಿಲ್ಟರ್ ಬದಲಿಸಿಕೊಳ್ಳುವ ಕ್ರಮ

ಮೈಸೂರು ಮಂಡ್ಯ ಸೀಮೆಯಲ್ಲಿ ಕಾರು ಇಟ್ಟುಕೊಂಡವರು ಎಂಜಿನ್ ಆಯಿಲ್ ಯಾವಾಗ ಬದಲಿಸಬೇಕು, ಟೈರಿಗೆ ಎಷ್ಟು ಗಾಳಿ ಇರಬೇಕು ಎಂಬುದನ್ನು ಚೆನ್ನಾಗಿ ಬಲ್ಲರು. ಆದರೆ ಕಾರಿನೊಳಗೆ ಕುಳಿತ ಮಕ್ಕಳು, ಹಿರಿಯರು ಉಸಿರಾಡುವ ಗಾಳಿಯನ್ನು ಸೋಸುವ ಫಿಲ್ಟರ್ ಎಲ್ಲಿದೆ, ಅದನ್ನು ಕೊನೆಯ ಸಲ ಬದಲಿಸಿದ್ದು ಯಾವಾಗ ಎಂದು ಕೇಳಿದರೆ ಬಹಳ ಮಂದಿಯ ಬಳಿ ಉತ್ತರವಿರುವುದಿಲ್ಲ. ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ಎಸಿ ಫಿಲ್ಟರ್ ಎಂದು ಕರೆಯುವ ಈ ಭಾಗವನ್ನು ಬದಲಿಸಲು ವಿಶೇಷ ಉಪಕರಣವಾಗಲಿ ಹೆಚ್ಚಿನ ಅನುಭವವಾಗಲಿ ಬೇಕಿಲ್ಲ. ಮೊದಲ ಸಲ ಅರ್ಧ ಗಂಟೆ ಹಿಡಿದರೂ ಜಾಗ ಪರಿಚಯವಾದ ಮೇಲೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸವಿದು. ಇದನ್ನು ಮಾಲೀಕರೇ ತಮ್ಮ ಕೈಯಾರೆ ಮಾಡಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಫಿಲ್ಟರ್ ಕೂರುವ ಗೂಡನ್ನು ಕಣ್ಣಾರೆ ನೋಡುವ ಅವಕಾಶ ಆಗ ಮಾತ್ರ ಸಿಗುತ್ತದೆ, ಮತ್ತು ನಮ್ಮ ಭಾಗದಲ್ಲಿ ಆ ಗೂಡಿನೊಳಗೆ ಧೂಳಲ್ಲದೆ ಬೇರೆಯದೂ ಸೇರಿಕೊಂಡಿರುತ್ತದೆ.

ಮೊದಲು ಗಾಳಿಯ ದಾರಿಯನ್ನು ತಿಳಿದುಕೊಳ್ಳಬೇಕು. ಮುಂಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗೆ, ಕಪ್ಪು ಪ್ಲಾಸ್ಟಿಕ್ ಜಾಲರಿಯೊಂದಿರುತ್ತದೆ. ಹೊರಗಿನ ಗಾಳಿ ಅದರ ಮೂಲಕ ಒಳಗೆ ಬಂದು, ಕ್ಯಾಬಿನ್ ಫಿಲ್ಟರ್ ದಾಟಿ, ಬ್ಲೋವರ್ ಫ್ಯಾನಿಗೆ ಸಿಕ್ಕಿ, ಅಲ್ಲಿಂದ ಎಸಿಯ ಕೂಲಿಂಗ್ ಕಾಯಿಲ್ ಮೇಲೆ ಹಾಯ್ದು ಡ್ಯಾಶ್‌ಬೋರ್ಡಿನ ಕಿಂಡಿಗಳಿಂದ ಹೊರಬರುತ್ತದೆ. ಬಹುತೇಕ ಕಾರುಗಳಲ್ಲಿ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿದಾಗಲೂ ಗಾಳಿ ಇದೇ ಫಿಲ್ಟರ್ ಮೂಲಕವೇ ಹೋಗುತ್ತದೆ. ಆದ್ದರಿಂದ ಸದಾ ಕಿಟಕಿ ಮುಚ್ಚಿ, ಹೊರಗಿನ ಗಾಳಿ ತಡೆದು ಓಡಿಸುತ್ತೇವೆ, ಫಿಲ್ಟರ್ ಕೊಳೆಯಾಗುವುದಿಲ್ಲ ಎಂದು ತಿಳಿಯುವುದು ಸರಿಯಲ್ಲ. ಕಾಲಿನ ಮಣ್ಣು, ಸೀಟಿನ ನೂಲು, ತಲೆಗೂದಲು ಎಲ್ಲವೂ ಅದೇ ದಾರಿ ಹಿಡಿಯುತ್ತವೆ.

ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಏರ್ ಫಿಲ್ಟರ್ ಬೇರೆ. ಅದು ಬಾನೆಟ್ ಕೆಳಗಿನ ಕಪ್ಪು ಡಬ್ಬಿಯಲ್ಲಿರುತ್ತದೆ. ಸರ್ವೀಸ್ ಬಿಲ್ಲಿನಲ್ಲಿ ಬರಿದೇ ಏರ್ ಫಿಲ್ಟರ್ ಎಂದಿದ್ದರೆ ಅದು ಎಂಜಿನ್ನಿನದೇ ಆಗಿರುವ ಸಂಭವ ಹೆಚ್ಚು, ಹಾಗಾಗಿ ಯಾವುದನ್ನು ಬದಲಿಸಿದ್ದಾರೆ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಬದಲಿಸುವ ಕಾಲ

ಕಂಪನಿಗಳ ಮಾಲೀಕರ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 10,000 ದಿಂದ 20,000 ಕಿಲೋಮೀಟರಿನೊಳಗಿನ ಒಂದು ಲೆಕ್ಕವೋ ಅಥವಾ ವರ್ಷಕ್ಕೊಮ್ಮೆ ಎಂಬ ಸೂಚನೆಯೋ ಇರುತ್ತದೆ, ಅದರ ಜೊತೆಗೆ ಧೂಳಿನ ಪ್ರದೇಶದಲ್ಲಿ ಇನ್ನೂ ಬೇಗ ಬದಲಿಸಬೇಕು ಎಂಬ ಸಾಲೂ ಇರುತ್ತದೆ. ಆ ಕೊನೆಯ ಸಾಲು ನಮಗಾಗಿಯೇ ಬರೆದದ್ದು ಎಂದು ಭಾವಿಸಬೇಕು. ನಮ್ಮ ಎರಡು ಜಿಲ್ಲೆಗಳಲ್ಲಿ ಕಿಲೋಮೀಟರಿಗಿಂತ ಹಂಗಾಮನ್ನು ನೋಡಿ ಫಿಲ್ಟರ್ ಬದಲಿಸುವುದೇ ಹೆಚ್ಚು ಸರಿಯಾದ ಕ್ರಮ.

ವರ್ಷದ ಚಕ್ರವನ್ನು ನೋಡಿ. ಡಿಸೆಂಬರ್ ಹೊತ್ತಿಗೆ ಕೊಯ್ಲು ಮುಗಿಯುತ್ತಾ ಬಂದಂತೆ ಹಳ್ಳಿ ರಸ್ತೆಗಳ ಮೇಲೆ ಹುರುಳಿ, ರಾಗಿ ಹರಡಿ ವಾಹನಗಳ ಚಕ್ರದಡಿಯಲ್ಲೇ ಒಕ್ಕಣೆ ಮಾಡುವುದು ಇಂದಿಗೂ ಉಂಟು. ಅದರ ಮೇಲೆ ಹಾಯುವ ಪ್ರತಿ ಕಾರಿನ ಜಾಲರಿಗೂ ಹೊಟ್ಟು, ಸುಂಕು ನುಗ್ಗುತ್ತದೆ. ಕಬ್ಬು ಕಡಿಯುವ ದಿನಗಳಲ್ಲಿ ಗದ್ದೆಯಲ್ಲಿ ಸುಡುವ ತರಗಿನ ಕರಿ ಬೂದಿಯೂ ಆಲೆಮನೆಗಳ ಹೊಗೆಯೂ ಸೇರುತ್ತವೆ. ಪಾಂಡವಪುರದ ಕಡೆ ಕಲ್ಲು ಸಾಗಿಸುವ ಲಾರಿಗಳ ಹಿಂದೆ ಹೋಗಬೇಕಾದವರಿಗೆ ಜಲ್ಲಿಪುಡಿಯ ಬಿಳಿ ಧೂಳು ಹೊಸದೇನಲ್ಲ. ಮೈಸೂರು ನಗರದೊಳಗೆ ಧೂಳು ಅಷ್ಟಿಲ್ಲದಿದ್ದರೂ ಸಾಲುಮರಗಳ ಕೆಳಗೆ ನಿಲ್ಲಿಸಿದ ಕಾರಿನ ಮುಂಗಾಜಿನ ಬುಡದಲ್ಲಿ ಮಳೆಮರ, ಗುಲ್‌ಮೊಹರ್‌ಗಳ ಸಣ್ಣ ಎಲೆಗಳು ತುಂಬಿಕೊಳ್ಳುತ್ತವೆ. ಆ ಎಲೆಗಳು ಜಾಲರಿಯ ಕಂಡಿಗಳಲ್ಲಿ ಸುಲಭವಾಗಿ ತೂರುವಷ್ಟು ಚಿಕ್ಕವು. ಬೇಸಿಗೆಯಲ್ಲಿ ಬೂರುಗದ ಕಾಯಿ ಒಡೆದು ಹತ್ತಿ ಹಾರಾಡುವ ಕಡೆಯಂತೂ ಫಿಲ್ಟರಿನ ಮೇಲೆ ಬಿಳಿಯ ಪದರವೇ ಕೂತಿರುತ್ತದೆ.

ಹೀಗೆ ಯುಗಾದಿಯ ಹೊತ್ತಿಗೆ ತುಂಬಿಹೋದ ಫಿಲ್ಟರ್ ಒಣಗಿರುವವರೆಗೂ ಗಾಳಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ಹೆಚ್ಚು ತೊಂದರೆ ಕೊಡುವುದಿಲ್ಲ. ತೊಂದರೆ ಶುರುವಾಗುವುದು ಮಳೆ ಬಿದ್ದಾಗ. ತೇವಗೊಂಡ ಗಾಳಿ ಆ ಧೂಳಿನ ಹಾಗೂ ಕೊಳೆತ ಎಲೆಗಳ ಪದರದ ಮೇಲೆ ಹಾದಾಗ ಬೂಷ್ಟು ಬೆಳೆಯುತ್ತದೆ, ಎಸಿ ಹಾಕಿದೊಡನೆ ಮುಗ್ಗಲು ವಾಸನೆ ಬರುತ್ತದೆ. ಗಾಳಿಯ ಹರಿವು ಕಡಿಮೆ ಇರುವುದರಿಂದ ಗಾಜಿನ ಮೇಲೆ ಕಟ್ಟಿದ ಮಂಜು ಬೇಗ ಬಿಡುವುದಿಲ್ಲ. ರಾತ್ರಿ ಮಳೆಯಲ್ಲಿ ಬೆಂಗಳೂರು ಹೆದ್ದಾರಿಯಲ್ಲಿ ಬರುವವರಿಗೆ ಇದು ಬರೀ ಅನಾನುಕೂಲವಲ್ಲ, ಅಪಾಯವೇ. ಆದ ಕಾರಣ ಯುಗಾದಿ ಕಳೆದು ಭರಣಿ ಮಳೆ ಬೀಳುವುದರೊಳಗೆ, ಅಂದರೆ ಏಪ್ರಿಲ್ ತಿಂಗಳು ಮುಗಿಯುವ ಮುನ್ನ, ಹೊಸ ಫಿಲ್ಟರ್ ಹಾಕಿಕೊಳ್ಳುವುದು ಸೂಕ್ತ. ಆಯುಧಪೂಜೆಗೆ ಹೇಗೂ ಕಾರನ್ನು ಒಳಗೂ ಹೊರಗೂ ತೊಳೆಯುತ್ತೇವೆ. ಆ ದಿನ ಫಿಲ್ಟರನ್ನು ಒಮ್ಮೆ ಹೊರತೆಗೆದು ನೋಡಿ, ಎಲೆ ಕಸ ಕೊಡವಿ ಮರಳಿ ಕೂರಿಸಿದರೆ ಮುಂದಿನ ಏಪ್ರಿಲ್‌ವರೆಗೆ ನಡೆಯುತ್ತದೆ. ಪ್ರತಿದಿನ ಮಣ್ಣುರಸ್ತೆಯಲ್ಲಿ ಓಡಾಡುವವರು ಮಾತ್ರ ಸಂಕ್ರಾಂತಿಯ ನಂತರವೂ ಒಮ್ಮೆ ನೋಡಬೇಕು.

ಬ್ಲೋವರ್ ಪೂರ್ತಿ ವೇಗದಲ್ಲಿದ್ದರೂ ಸದ್ದು ಮಾತ್ರ ಜೋರಾಗಿ ಬಂದು ಗಾಳಿ ಮುಖಕ್ಕೆ ತಾಗದಿದ್ದರೆ ಯಾವ ಹಂಗಾಮಿಗೂ ಕಾಯಬೇಕಿಲ್ಲ.

ಯಾವ ಫಿಲ್ಟರ್ ಕೊಳ್ಳಬೇಕು

ಅಂಗಡಿಗೆ ಹೋಗುವಾಗ ಕಾರಿನ ಮಾದರಿ, ತಯಾರಾದ ವರ್ಷ ಎರಡನ್ನೂ ಬರೆದುಕೊಂಡು ಹೋಗಬೇಕು. ಒಂದೇ ಹೆಸರಿನ ಕಾರಿನ ಹಳೆಯ ಮತ್ತು ಹೊಸ ತಲೆಮಾರಿಗೆ ಅಳತೆ ಬೇರೆಯಾಗಿರುತ್ತದೆ. ಹಳೆಯ ಫಿಲ್ಟರನ್ನೇ ತೆಗೆದುಕೊಂಡು ಹೋಗಿ ಉದ್ದ, ಅಗಲ, ದಪ್ಪ ಮೂರನ್ನೂ ಹೋಲಿಸಿ ನೋಡುವುದು ಎಲ್ಲಕ್ಕಿಂತ ಭದ್ರ. ಹಾಗೆ ಹೋಗುವಾಗ ಫಿಲ್ಟರ್ ಇಲ್ಲದ ಕಾರಿನಲ್ಲಿ ಬ್ಲೋವರ್ ಹಾಕಬಾರದು.

ದೊರೆಯುವ ಬಗೆಗಳು ಮುಖ್ಯವಾಗಿ ಎರಡು. ಬಿಳಿಯ ಸಾಧಾರಣ ಫಿಲ್ಟರ್ ಧೂಳು, ಹೊಟ್ಟು, ಪರಾಗಗಳನ್ನು ತಡೆಯುತ್ತದೆ. ಬೂದು ಅಥವಾ ಕಪ್ಪು ಬಣ್ಣದ ಕಾರ್ಬನ್ ಫಿಲ್ಟರಿನಲ್ಲಿ ಇದ್ದಿಲಿನ ಪದರವಿದ್ದು ಅದು ಹೊಗೆ ಮತ್ತು ವಾಸನೆಯನ್ನೂ ತಕ್ಕಮಟ್ಟಿಗೆ ಹೀರಿಕೊಳ್ಳುತ್ತದೆ. ಬೆಲೆ ಹೆಚ್ಚಾದರೂ ಆಲೆಮನೆ, ಸಕ್ಕರೆ ಕಾರ್ಖಾನೆಗಳ ದಾರಿಯಲ್ಲಿ ದಿನವೂ ಓಡಾಡುವವರಿಗೆ ಕಾರ್ಬನ್ ಫಿಲ್ಟರ್ ತಕ್ಕದ್ದು. ನಗರದೊಳಗೆ ಮಾತ್ರ ಓಡಿಸುವವರಿಗೆ ಸಾಧಾರಣ ಫಿಲ್ಟರನ್ನು ತಪ್ಪದೆ ಪ್ರತಿ ವರ್ಷ ಬದಲಿಸುವುದೇ ಸಾಕು. ರಸ್ತೆಬದಿಯ ಪಾರ್ಥೇನಿಯಂ ಪರಾಗದಿಂದ ಸೀನು, ಉಬ್ಬಸ ಬರುವವರು ಮನೆಯಲ್ಲಿದ್ದರೆ ಎರಡರಲ್ಲಿ ಯಾವುದಾದರೂ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಬಹುಪಾಲು ಪರಾಗಕಣಗಳು 10 ಮೈಕ್ರಾನಿಗಿಂತ ದೊಡ್ಡವು. ಆದರೆ ವಾಯುಮಾಲಿನ್ಯದ ವರದಿಗಳಲ್ಲಿ ಹೇಳುವ 2.5 ಮೈಕ್ರಾನಿನ ಸೂಕ್ಷ್ಮ ಕಣಗಳನ್ನು ಸಾಧಾರಣ ಫಿಲ್ಟರ್ ಪೂರ್ತಿ ತಡೆಯುತ್ತದೆ ಎಂದು ನಂಬಬಾರದು.

ಬ್ರ್ಯಾಂಡಿಗಿಂತ ಹೆಚ್ಚು ಗಮನವಿಟ್ಟು ನೋಡಬೇಕಾದದ್ದು ಅಂಚನ್ನು. ಫಿಲ್ಟರಿನ ಸುತ್ತಲಿನ ಅಂಚು ಗಟ್ಟಿಯಾಗಿ, ನೇರವಾಗಿ, ಎಲ್ಲೂ ಕಿತ್ತುಬರದಂತೆ ಇರಬೇಕು. ಮಡಿಕೆಗಳು ಒಂದೇ ಅಂತರದಲ್ಲಿರಬೇಕು. ಗೂಡಿಗೂ ಫಿಲ್ಟರಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಗಾಳಿ ಮಡಿಕೆಗಳನ್ನು ಬಿಟ್ಟು ಆ ಸಂದಿನಲ್ಲೇ ನುಗ್ಗುತ್ತದೆ, ಒಡೆದ ತೂಬಿನಲ್ಲಿ ನಾಲೆಯ ನೀರು ನುಗ್ಗಿದಂತೆ. ಅಗ್ಗದ ಫಿಲ್ಟರುಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಜಾಗವನ್ನು ಹುಡುಕುವುದು

ನಮ್ಮ ದೇಶದ ಬಹುಪಾಲು ಕಾರುಗಳಲ್ಲಿ ಕ್ಯಾಬಿನ್ ಫಿಲ್ಟರ್ ಇರುವುದು ಎಡಗಡೆಯ ಗ್ಲೋವ್ ಬಾಕ್ಸಿನ ಹಿಂದೆ. ಹೋಂಡಾ ಸಿಟಿ, ಹ್ಯುಂಡೈ ಐ20, ಟೊಯೊಟಾ ಇನ್ನೋವಾ ಕ್ರಿಸ್ಟಾ ಮುಂತಾದವುಗಳಲ್ಲಿ ಹೀಗೆಯೇ. ಐರೋಪ್ಯ ಕಂಪನಿಗಳ ಕೆಲವು ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಬಿಚ್ಚಬೇಕಿಲ್ಲ. ಎಡಗಡೆ ಸೀಟಿನಲ್ಲಿ ಕೂರುವವರ ಕಾಲಿನ ಜಾಗದಲ್ಲಿ ತಲೆ ಬಗ್ಗಿಸಿ ಮೇಲೆ ನೋಡಿದರೆ ಒಂದು ಮುಚ್ಚಳ ಕಾಣುತ್ತದೆ. ಇನ್ನು ಕೆಲವೇ ಮಾದರಿಗಳಲ್ಲಿ ಬಾನೆಟ್ ಎತ್ತಿ, ಮುಂಗಾಜಿನ ಬುಡದ ಜಾಲರಿಯ ಕೆಳಗೆ ಹುಡುಕಬೇಕಾಗುತ್ತದೆ. ಹಳೆಯ ಹಾಗೂ ಕಡಿಮೆ ಬೆಲೆಯ ಕೆಲವು ಮಾದರಿಗಳಲ್ಲಿ ಕಂಪನಿಯಿಂದಲೇ ಫಿಲ್ಟರ್ ಬಂದಿರುವುದಿಲ್ಲ. ಮುಚ್ಚಳ ತೆಗೆದರೆ ಗೂಡು ಖಾಲಿ ಇರುತ್ತದೆ. ಅಂಥ ಕಾರಿಗೆ ಹೊಂದುವ ಫಿಲ್ಟರ್ ಅಂಗಡಿಯಲ್ಲಿ ಸಿಗುವುದಾದರೆ ಹಾಕಿಸಿಕೊಳ್ಳಬಹುದು. ಯಾವುದಕ್ಕೂ ಮೊದಲು ಕೈಪಿಡಿಯನ್ನು ತೆರೆದು ನೋಡಿ. ಚಿತ್ರ ಸಮೇತ ಒಂದು ಪುಟ ಬಹುತೇಕ ಇದ್ದೇ ಇರುತ್ತದೆ.

ಬಿಚ್ಚುವುದು

ಬೆಳಗಿನ ಹೊತ್ತು, ನೆರಳಿನಲ್ಲಿ ಕಾರು ನಿಲ್ಲಿಸಿಕೊಳ್ಳಿ. ಇಗ್ನಿಷನ್ ಆಫ್ ಮಾಡಿ ಕೀಲಿಯನ್ನು ಹೊರಗಿಡಿ. ಟಾರ್ಚ್, ನಕ್ಷತ್ರ ತಲೆಯ ಸ್ಕ್ರೂಡ್ರೈವರ್, ಒಣ ಬಟ್ಟೆ, ಸಣ್ಣ ಬ್ರಷ್, ಮಾಸ್ಕ್ ಇಷ್ಟಿದ್ದರೆ ಸಾಕು. ಮನೆಯ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಅನುಕೂಲ. ಗ್ಲೋವ್ ಬಾಕ್ಸಿನಲ್ಲಿರುವ ಕಾಗದಪತ್ರಗಳನ್ನೆಲ್ಲ ಮೊದಲೇ ತೆಗೆದಿಡಿ. ಅದು ಜಗ್ಗಿದಾಗ ಎಲ್ಲವೂ ಕೆಳಗೆ ಬೀಳುತ್ತವೆ.

ಗ್ಲೋವ್ ಬಾಕ್ಸನ್ನು ತೆರೆದು ಅದರ ಎರಡೂ ಪಕ್ಕದ ಗೋಡೆಗಳನ್ನು ನೋಡಿ. ಬಾಕ್ಸ್ ಒಂದು ಮಟ್ಟಕ್ಕಿಂತ ಕೆಳಗೆ ಬೀಳದಂತೆ ತಡೆಯುವ ಗುಬುಟುಗಳು ಎರಡೂ ಕಡೆ ಇರುತ್ತವೆ. ಕೆಲವು ಕಾರುಗಳಲ್ಲಿ ಒಂದು ಪಕ್ಕದಲ್ಲಿ ತೆಳುವಾದ ಕಡ್ಡಿ ಅಥವಾ ದಾರ ಸಿಕ್ಕಿಸಿರುತ್ತಾರೆ. ಬಾಕ್ಸ್ ಮೆಲ್ಲಗೆ ತೆರೆದುಕೊಳ್ಳಲೆಂದು ಇಟ್ಟ ಆ ಕಡ್ಡಿಯನ್ನು ಪಕ್ಕಕ್ಕೆ ಜಾರಿಸಿ ಮೊದಲು ಬಿಡಿಸಿಕೊಳ್ಳಬೇಕು. ಆಮೇಲೆ ಎರಡು ಗೋಡೆಗಳನ್ನೂ ಅಂಗೈಗಳಿಂದ ಒಳಮುಖವಾಗಿ ಒತ್ತಿ ಬಾಕ್ಸನ್ನು ತನ್ನೆಡೆಗೆ ಎಳೆದರೆ ಗುಬುಟುಗಳು ತಪ್ಪಿ ಅದು ಪೂರ್ತಿ ಕೆಳಕ್ಕೆ ಜೋತುಬೀಳುತ್ತದೆ. ಒತ್ತಿದರೂ ಬಾರದಿದ್ದರೆ ಬಲ ಹಾಕಬೇಡಿ. ಸ್ಕ್ರೂಗಳಿಂದ ಬಿಗಿದ ಮಾದರಿ ಇರಬಹುದು, ಅಂಚಿನಲ್ಲಿ ಟಾರ್ಚ್ ಬಿಟ್ಟು ಹುಡುಕಿ. ಬೆಳಗಿನ ತಂಪಿಗೆ ಹಳೆಯ ಪ್ಲಾಸ್ಟಿಕ್ ಪೆಡಸಾಗಿದ್ದರೆ ಸ್ವಲ್ಪ ಬಿಸಿಲು ತಾಗುವವರೆಗೆ ಕಾಯುವುದರಿಂದ ಕ್ಲಿಪ್ ಮುರಿಯುವುದು ತಪ್ಪುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಗ್ಲೋವ್ ಬಾಕ್ಸಿನ ಮೇಲ್ಭಾಗದ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಇರುತ್ತದೆ. ಹಳದಿ ಬಣ್ಣದ ವೈರು ಅಥವಾ ಹಳದಿ ಕನೆಕ್ಟರ್ ಕಂಡರೆ ಅದನ್ನು ಮುಟ್ಟಬೇಡಿ, ಎಳೆಯಬೇಡಿ. ಫಿಲ್ಟರ್ ಬದಲಿಸಲು ಯಾವ ವೈರನ್ನೂ ಬಿಚ್ಚುವ ಅಗತ್ಯವಿಲ್ಲ.

ಬಾಕ್ಸ್ ಕೆಳಗಿಳಿದ ಮೇಲೆ ಎದುರಿಗೆ ಉದ್ದನೆಯ ಕಿರಿದಾದ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಅದರ ಒಂದು ಅಥವಾ ಎರಡು ತುದಿಯ ಕ್ಲಿಪ್ಪನ್ನು ಒತ್ತಿ ಮುಚ್ಚಳವನ್ನು ತೆಗೆದರೆ ಫಿಲ್ಟರಿನ ಅಂಚು ಸಿಗುತ್ತದೆ. ಎಳೆಯುವುದಕ್ಕೆ ಮೊದಲು ಒಂದು ಫೋಟೊ ತೆಗೆದುಕೊಳ್ಳಿ, ಅಂಚಿನ ಮೇಲಿನ ಬಾಣದ ಗುರುತು ಯಾವ ಕಡೆಗಿದೆ ಎಂದು ನೋಡಿಕೊಳ್ಳಿ. ನಂತರ ಫಿಲ್ಟರನ್ನು ಓರೆಯಾಗಿಸದೆ, ಸಮಮಟ್ಟದಲ್ಲೇ ನಿಧಾನವಾಗಿ ಎಳೆಯಬೇಕು. ಅವಸರದಿಂದ ಜಗ್ಗಿದರೆ ಮೇಲೆ ಕೂತ ಎಲೆ, ಹೊಟ್ಟು, ಮಣ್ಣೆಲ್ಲ ಕೆಳಗಿನ ಬ್ಲೋವರ್ ಫ್ಯಾನಿನೊಳಗೆ ಬೀಳುತ್ತದೆ. ಹಾಗೆ ಬಿದ್ದ ಒಂದು ಒಣ ಎಲೆಯೂ ಫ್ಯಾನ್ ತಿರುಗುವಾಗ ಟರಟರ ಸದ್ದು ಮಾಡುತ್ತಲೇ ಇರುತ್ತದೆ, ಅದನ್ನು ತೆಗೆಯಲು ಬ್ಲೋವರನ್ನೇ ಬಿಚ್ಚಬೇಕಾಗಬಹುದು.

ಗೂಡಿನ ಪರೀಕ್ಷೆ

ಹೊಸ ಫಿಲ್ಟರ್ ಕೂರಿಸುವ ಮುನ್ನ ಗೂಡಿನೊಳಗೆ ಟಾರ್ಚ್ ಬಿಟ್ಟು ನೋಡಿ. ಬರೀ ಧೂಳಿದ್ದರೆ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದುಕೊಳ್ಳಿ, ಅದಿಲ್ಲದಿದ್ದರೆ ತುಸು ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ ತೆಗೆಯಿರಿ. ಗೂಡಿನ ಗೋಡೆಯ ಮೇಲೆ ನೀರು ಹರಿದ ಕಲೆಗಳು ಕಂಡರೆ ಮುಂಗಾಜಿನ ಬುಡದಲ್ಲಿ ಎಲೆ ಕಟ್ಟಿಕೊಂಡು ಮಳೆನೀರು ದಾರಿ ತಪ್ಪಿದೆ ಎಂದು ಊಹಿಸಬಹುದು. ಜಾಲರಿಯನ್ನೂ ಅದರ ಎರಡು ಬದಿಯ ನೀರಿನ ಕಿಂಡಿಗಳನ್ನೂ ಅಂದೇ ಸ್ವಚ್ಛಗೊಳಿಸಬೇಕು.

ಗದ್ದೆ ತೋಟಗಳ ಪಕ್ಕದಲ್ಲಿ, ಕಬ್ಬಿನ ಹೊಲದ ಬದಿಯಲ್ಲಿ ಕಾರು ನಿಲ್ಲಿಸುವವರು ಇನ್ನೊಂದಕ್ಕೂ ಸಿದ್ಧರಿರಬೇಕು. ಕೊಯ್ಲು ಮುಗಿದು ಹೊಲ ಬರಿದಾದಾಗ ಇಲಿಗಳು ಬೆಚ್ಚನೆಯ ಜಾಗ ಹುಡುಕಿ ಕಾರಿಗೆ ಬರುತ್ತವೆ. ಫಿಲ್ಟರಿನ ಮೆತ್ತನೆಯ ಪದರವನ್ನು ಕಡಿದು ಅಲ್ಲೇ ಗೂಡು ಕಟ್ಟುವುದು ಅಪರೂಪವಲ್ಲ. ಫಿಲ್ಟರಿನಲ್ಲಿ ತೂತು, ಗೂಡಿನಲ್ಲಿ ಹಿಕ್ಕೆ, ಕಾಳಿನ ಸಿಪ್ಪೆ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಒಣಗಿದ್ದನ್ನು ಹಾಗೆಯೇ ಗುಡಿಸಬೇಡಿ, ವ್ಯಾಕ್ಯೂಮ್ ಕೂಡ ಬಳಸಬೇಡಿ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಕೈಗವಸು, ಮಾಸ್ಕ್ ಹಾಕಿಕೊಂಡು, ಸೋಂಕುನಾಶಕ ಬೆರೆಸಿದ ನೀರನ್ನು ಹಿಕ್ಕೆಯ ಮೇಲೆ ಮಿತವಾಗಿ ಚಿಮುಕಿಸಿ, ಕೆಲವು ನಿಮಿಷ ಬಿಟ್ಟು ಕಾಗದದಿಂದ ಒರೆಸಿ ತೆಗೆದು ಕಟ್ಟಿ ಬಿಸಾಡಬೇಕು. ನೀರು ಕೆಳಗಿನ ಬ್ಲೋವರ್ ಮೋಟಾರಿಗೆ ಇಳಿಯಬಾರದು. ಆಮೇಲೆ ಬಾನೆಟ್ ಕೆಳಗಿನ ವೈರುಗಳನ್ನೂ ಕಡಿದಿವೆಯೇ ಎಂದು ಪರಿಶೀಲಿಸುವುದು ಅಗತ್ಯ. ಇಲಿ ಬಾರದಿರಲಿ ಎಂದು ಫಿಲ್ಟರಿನ ಗೂಡಿನಲ್ಲಿ ನುಸಿಗುಳಿಗೆ ಇಡುವುದು ಮಾತ್ರ ಕೂಡದು, ಅದರ ಆವಿಯೆಲ್ಲ ನೇರವಾಗಿ ಕಾರಿನೊಳಗೆ ಕುಳಿತವರ ಮೂಗಿಗೇ ಬರುತ್ತದೆ.

ಬಾಣದ ಗುರುತು ಮತ್ತು ಮರುಜೋಡಣೆ

ಹೊಸ ಫಿಲ್ಟರಿನ ಅಂಚಿನಲ್ಲಿ ಒಂದು ಬಾಣವಿರುತ್ತದೆ, ಅದರ ಪಕ್ಕದ ಅಕ್ಷರಗಳನ್ನು ಓದದೆ ಬಾಣವನ್ನಷ್ಟೇ ನೋಡಿದರೆ ತಪ್ಪಾಗುವ ಸಂಭವವಿದೆ. ಏರ್ ಫ್ಲೋ ಎಂದು ಬರೆದಿದ್ದರೆ ಬಾಣವು ಗಾಳಿ ಹರಿಯುವ ದಿಕ್ಕನ್ನು ತೋರಿಸುತ್ತದೆ. ಅಪ್ ಎಂದಷ್ಟೇ ಬರೆದಿದ್ದರೆ ಆ ಅಂಚು ಮೇಲಕ್ಕಿರಬೇಕು ಎಂದು ಅರ್ಥ. ಗಾಳಿಗೂ ಆ ಬಾಣಕ್ಕೂ ಸಂಬಂಧವಿಲ್ಲ. ಫಿಲ್ಟರ್ ಮಲಗಿದಂತೆ ಕೂರುವ ಬಹುತೇಕ ಕಾರುಗಳಲ್ಲಿ ಗಾಳಿ ಮೇಲಿನಿಂದ ಬಂದು ಕೆಳಗಿನ ಫ್ಯಾನಿಗೆ ಇಳಿಯುವುದರಿಂದ ಏರ್ ಫ್ಲೋ ಬಾಣ ನೆಲದ ಕಡೆಗಿರುತ್ತದೆ. ಅನುಮಾನ ಉಳಿದರೆ ಹಳೆಯ ಫಿಲ್ಟರೇ ಉತ್ತರ ಹೇಳುತ್ತದೆ: ಅದರ ಕೊಳೆಯಾದ ಮುಖ ಗಾಳಿ ಬಂದು ತಾಗುವ ಕಡೆ, ಶುಭ್ರವಾಗಿರುವ ಮುಖ ಗಾಳಿ ಹೊರಡುವ ಕಡೆ; ಏರ್ ಫ್ಲೋ ಬಾಣ ಕೊಳೆಯ ಮುಖದಿಂದ ಶುಭ್ರ ಮುಖದ ಕಡೆಗೆ ಇರಬೇಕು. ಆದರೆ ಹಿಂದೆ ಕೂರಿಸಿದವರು ತಿರುಗಮುರುಗ ಹಾಕಿರುವ ಸಾಧ್ಯತೆ ಇರುವುದರಿಂದ ಹಳೆಯ ಬಾಣವನ್ನು ನಂಬುವುದಕ್ಕಿಂತ ಹಳೆಯ ಕೊಳೆಯನ್ನು ನಂಬುವುದು ಮೇಲು. ಹಲವು ಪದರಗಳ ಫಿಲ್ಟರಿನಲ್ಲಿ ದಪ್ಪ ಕಣಗಳನ್ನು ಹಿಡಿಯುವ ಪದರ ಮೊದಲು, ನವಿರಾದದ್ದು ಆಮೇಲೆ ಬರುವಂತೆ ರಚನೆಯಿರುತ್ತದೆ. ತಲೆಕೆಳಗಾದರೆ ನವಿರು ಪದರವೇ ಮೊದಲು ಕಟ್ಟಿಕೊಂಡು ಫಿಲ್ಟರ್ ಬೇಗ ಮುಚ್ಚಿಹೋಗುತ್ತದೆ.

ಫಿಲ್ಟರನ್ನು ತಳ್ಳುವಾಗ ಅದು ಸಲೀಸಾಗಿ ಜಾರಿ ಕೊನೆಯಲ್ಲಿ ಕೂತ ಅನುಭವವಾಗಬೇಕು. ಮಡಿಕೆಗಳನ್ನು ಬೆರಳಿಂದ ಒತ್ತಬೇಡಿ, ಅಂಚನ್ನು ಹಿಡಿದೇ ತಳ್ಳಿ. ಬಾಯಿ ಕಿರಿದಾಗಿರುವ ಕಾರುಗಳಲ್ಲಿ ಫಿಲ್ಟರನ್ನು ಸ್ವಲ್ಪವೇ ಬಾಗಿಸಿ ಒಳಗೆ ಬಿಡಬಹುದು, ಆದರೆ ಮಡಚಿದ ಗೆರೆ ಬೀಳಬಾರದು. ಅರ್ಧಕ್ಕೆ ನಿಂತರೆ ಬಲ ಹಾಕದೆ ಹೊರತೆಗೆದು ಅಳತೆ ಮತ್ತು ಮೇಲುಕೆಳಗನ್ನು ಇನ್ನೊಮ್ಮೆ ನೋಡಿ. ಪೂರ್ತಿ ಕೂತ ಮೇಲೆ ಮುಚ್ಚಳವನ್ನು ಕ್ಲಿಪ್ಪಿನ ಟಕ್ ಎಂಬ ಸದ್ದು ಕೇಳುವಂತೆ ಒತ್ತಿ. ಎರಡು ತುದಿಯ ಕ್ಲಿಪ್ಪಿದ್ದರೆ ಎರಡು ಸದ್ದೂ ಬರಬೇಕು. ಫಿಲ್ಟರಿನ ಅಂಚಿನ ಮೇಲೆ ದಿನಾಂಕ ಮತ್ತು ಓಡೋಮೀಟರ್ ಅಂಕಿಯನ್ನು ಪೆನ್ನಿನಿಂದ ಮೊದಲೇ ಬರೆದಿಟ್ಟಿದ್ದರೆ ಮುಂದಿನ ಸಲ ಯಾರು ತೆರೆದರೂ ಲೆಕ್ಕ ಸಿಗುತ್ತದೆ. ಗ್ಲೋವ್ ಬಾಕ್ಸನ್ನು ಎತ್ತಿ, ಪಕ್ಕಗಳನ್ನು ಮತ್ತೆ ಒಳಕ್ಕೆ ಒತ್ತಿ ಗುಬುಟುಗಳನ್ನು ದಾಟಿಸಿ, ಕಡ್ಡಿಯನ್ನು ಸಿಕ್ಕಿಸಿದರೆ ಜೋಡಣೆ ಮುಗಿಯಿತು.

ಹಳೆಯ ಫಿಲ್ಟರನ್ನು ತೊಳೆದು ಮತ್ತೆ ಹಾಕಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಕಾಗದದಂಥ ಮಡಿಕೆಯ ಫಿಲ್ಟರಾಗಲಿ ಕಾರ್ಬನ್ ಫಿಲ್ಟರಾಗಲಿ ನೀರಿಗೆ ಹಾಕಲು ಮಾಡಿದವಲ್ಲ. ತೊಳೆದರೆ ನಾರುಗಳ ರಚನೆ ಕೆಡುತ್ತದೆ, ಒಳಗಿನ ತೇವ ಆರದೆ ಬೂಷ್ಟು ಹಿಡಿಯುತ್ತದೆ. ಗಾಳಿ ತುಂಬುವ ಅಂಗಡಿಯ ಏರ್ ಗನ್ನನ್ನು ಹತ್ತಿರದಿಂದ ಹಿಡಿದರೆ ಕಣ್ಣಿಗೆ ಕಾಣದ ರಂಧ್ರಗಳು ದೊಡ್ಡದಾಗುತ್ತವೆ. ಕೊಳೆಯ ಮುಖವನ್ನು ಕೆಳಗೆ ಮಾಡಿ ಮೆಲ್ಲಗೆ ತಟ್ಟಿ ಕೊಡವುವುದಷ್ಟೇ ಸರಿಯಾದ ಶುಚಿ, ಅದೂ ಎರಡು ಬದಲಾವಣೆಗಳ ನಡುವೆ ಒಮ್ಮೆ.

ಜೋಡಿಸಿದ ಮೇಲೆ ಎಂಜಿನ್ ಚಾಲೂ ಮಾಡಿ ಬ್ಲೋವರನ್ನು ಕಡಿಮೆಯಿಂದ ಪೂರ್ತಿ ವೇಗದವರೆಗೆ ಒಂದೊಂದಾಗಿ ಏರಿಸಿ. ಗಾಳಿ ಮೊದಲಿಗಿಂತ ಜೋರಾಗಿ, ಸಮನಾಗಿ ಬರಬೇಕು, ಸಿಳ್ಳೆಯ ಸದ್ದು ಇರಬಾರದು. ಸಿಳ್ಳೆ ಬಂದರೆ ಮುಚ್ಚಳ ಸರಿಯಾಗಿ ಕೂತಿಲ್ಲ. ಹೊಸ ಫಿಲ್ಟರ್ ಹಾಕಿದ ಮೇಲೂ ಮುಗ್ಗಲು ವಾಸನೆ ಹೋಗದಿದ್ದರೆ ಬೂಷ್ಟು ಕೂಲಿಂಗ್ ಕಾಯಿಲ್ ಮೇಲೆ ಬೆಳೆದಿದೆ ಎಂದು ತಿಳಿಯಬೇಕು. ಅದಕ್ಕೆ ಕಾಯಿಲ್ ಶುಚಿ ಮಾಡಿಸಬೇಕು. ಮುಂದೆ ಹಾಗಾಗದಂತೆ, ಮನೆ ತಲುಪುವ ಕೆಲವು ನಿಮಿಷ ಮೊದಲೇ ಎಸಿ ಗುಂಡಿಯನ್ನು ಆರಿಸಿ ಬರೀ ಬ್ಲೋವರ್ ಓಡಿಸಿದರೆ ಕಾಯಿಲ್ ಒಣಗುತ್ತದೆ. ಎಸಿ ಹಾಕಿ ನಿಲ್ಲಿಸಿದಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕದೆ ಎಡಗಡೆಯ ಕಾಲುಹಾಸು ಒದ್ದೆಯಾಗುತ್ತಿದ್ದರೆ ಎಸಿಯ ನೀರು ಹೋಗುವ ಪೈಪ್ ಕಟ್ಟಿಕೊಂಡಿದೆ. ಗಾಳಿ ಜೋರಾಗಿ ಬಂದರೂ ತಂಪು ಮಾತ್ರ ಕಡಿಮೆಯಿದ್ದರೆ ಅದು ಫಿಲ್ಟರಿನ ದೋಷವಲ್ಲ. ಗ್ಯಾಸ್, ಕಂಪ್ರೆಸರ್, ಮುಂಭಾಗದ ಕಂಡೆನ್ಸರ್ ಇವನ್ನು ಎಸಿ ಮೆಕ್ಯಾನಿಕ್ ಬಳಿ ಪರೀಕ್ಷೆ ಮಾಡಿಸಬೇಕು.